ಯಾಸೀನ್ ಓದುವುದು ಯಾರ ಕಿವಿಗೆ?

ಪರೀಕ್ಷೆ ಪಾಸಾಗಬೇಕಾ, ಯಾಸೀನ್ ಓದಿ. ಕೆಲಸ ಸಿಗ್ತಿಲ್ವಾ, 41 ಸಲ ಓದಿ. ಸಾಲ ತೀರಬೇಕು, ಮದುವೆ ಕೂಡಿಬರಬೇಕು, ಹೆರಿಗೆ ಸಲೀಸಾಗಬೇಕು, ಕಳೆದುಹೋದ ಸಾಮಾನು ಸಿಗಬೇಕು, ಎಲ್ಲದಕ್ಕೂ ಒಂದೇ ಅಧ್ಯಾಯ, ಲೆಕ್ಕ ಮಾತ್ರ ಬೇರೆ ಬೇರೆ. ಇಂಥ ಪಟ್ಟಿಗಳು ನಮ್ಮ ಫ್ಯಾಮಿಲಿ ವಾಟ್ಸ್ಯಾಪ್ ಗ್ರೂಪಿಗೆ ವಾರಕ್ಕೊಂದಾದರೂ ಬರುತ್ತವೆ, ಹೆಚ್ಚಾಗಿ ಗುರುವಾರ ರಾತ್ರಿ. ವಾಟ್ಸ್ಯಾಪ್ ಇಲ್ಲದ ಕಾಲದಲ್ಲಿ ಇವೇ ಪಟ್ಟಿಗಳು ಪಂಜ್‌ಸೂರಾ ಅನ್ನೋ ಅಂಗೈಯಗಲದ ಪುಸ್ತಕದ ಅಂಚಿನಲ್ಲಿ ಉರ್ದುವಿನಲ್ಲಿ ಅಚ್ಚಾಗಿರುತ್ತಿದ್ದವು.

ಕನ್ನಡದ ಓದುಗರಿಗೆ ಇದು ಹೊಸದೇನಲ್ಲ. ನಮ್ಮಲ್ಲಿ ಇದಕ್ಕೊಂದು ಒಳ್ಳೇ ಹೆಸರೇ ಇದೆ, ಫಲಶ್ರುತಿ. ಸ್ತೋತ್ರದ ಕೊನೆಗೆ ಬಂದು ಕೂತು, ಓದಿದವರಿಗೆ ಇಂತಿಂಥದ್ದು ಪ್ರಾಪ್ತಿ ಅನ್ನುವ ಭಾಗ. ಒಂದು ವ್ಯತ್ಯಾಸ ಮಾತ್ರ ಇದೆ. ಸ್ತೋತ್ರಗಳಲ್ಲಿ ಫಲಶ್ರುತಿ ಪಠ್ಯದ ಒಳಗೇ ಇರುತ್ತದೆ. ಯಾಸೀನ್‌ನಲ್ಲಿ ಇಲ್ಲ. ಅದರ 83 ವಚನಗಳಲ್ಲಿ ಎಲ್ಲೂ, ನನ್ನನ್ನು ಇಷ್ಟು ಸಲ ಓದಿದರೆ ನಿನಗೆ ಇಷ್ಟು ಲಾಭ ಅಂತ ಆ ಅಧ್ಯಾಯ ಹೇಳಿಕೊಳ್ಳುವುದಿಲ್ಲ. ಅದು ಹೇಳುವುದೇ ಬೇರೆ. ಏನು ಹೇಳುತ್ತೆ ಅನ್ನೋದನ್ನು ನೋಡೋಣ ಅಂತಲೇ ಇದನ್ನು ಬರೀತಿದ್ದೇನೆ.

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ. ಕುರ್‌ಆನಿನ 114 ಅಧ್ಯಾಯಗಳಲ್ಲಿ ಯಾಸೀನ್ 36ನೆಯದು. ಪ್ರವಾದಿಯವರು ಇನ್ನೂ ಮಕ್ಕಾದಲ್ಲಿದ್ದ ಕಾಲದ್ದು. ಸಾಧಾರಣ ವೇಗದಲ್ಲಿ ಓದಿದರೆ ಕಾಲು ಗಂಟೆ ಆಸುಪಾಸು ಹಿಡಿಯುತ್ತದೆ. ‘ಕುರ್‌ಆನಿನ ಹೃದಯ’ ಅಂತ ಅದನ್ನು ಕರೆಯುತ್ತಾರೆ. ಜೀವ ಹೋಗುತ್ತಿರುವವರ ಪಕ್ಕ ಕೂತು ಓದುತ್ತಾರೆ. ತೀರಿಕೊಂಡ ಮೂರನೇ ದಿನದ ಜಿಯಾರತ್‌ನಲ್ಲಿ, ನಲವತ್ತನೇ ದಿನ, ಆಮೇಲೆ ಗೋರಿಯ ಹತ್ತಿರ ಹೋದಾಗಲೂ ಓದುತ್ತಾರೆ. ಇದು ನಮ್ಮ ಕಡೆಯ ಪದ್ಧತಿ ಮಾತ್ರ ಅಲ್ಲ. ಇಂಡೋನೇಷ್ಯಾದಲ್ಲಿ ಗುರುವಾರ ರಾತ್ರಿ ಅಕ್ಕಪಕ್ಕದವರೆಲ್ಲ ಸೇರಿ ಯಾಸೀನ್ ಓದುವುದಕ್ಕೆ ‘ಯಾಸೀನನ್’ ಅಂತ ಹೆಸರೇ ಇದೆ. ಅಲ್ಲಿ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಅವರ ಫೋಟೋ, ಹೆಸರು ಹಾಕಿ ಯಾಸೀನ್ ಪುಸ್ತಕ ಅಚ್ಚು ಹಾಕಿಸಿ 40ನೇ, 100ನೇ, 1000ನೇ ದಿನ ಬಂದವರಿಗೆ ಹಂಚುತ್ತಾರೆ. ಹಿಂದೂ ಮನೆಗಳಲ್ಲಿ ಸೂತಕದ ದಿನಗಳಲ್ಲಿ ಗರುಡ ಪುರಾಣ ಓದಿಸ್ತಾರಲ್ಲ, ಸುಮಾರು ಆ ಜಾಗ. ನಮ್ಮೂರಲ್ಲಂತೂ “ಯಾಸೀನ್ ಶುರುವಾಯ್ತಾ?” ಅಂತ ಯಾರಾದರೂ ಕೇಳಿದರೆ, ಡಾಕ್ಟರು ಕೈಚೆಲ್ಲಿದರಾ ಅಂತ ಅರ್ಥ.

ಕವಿ ಇಕ್ಬಾಲರಿಗೆ ಇದು ಸಿಟ್ಟು ತರಿಸಿತ್ತು. ಅವರು ತೀರಿಕೊಂಡ ಮೇಲೆ 1938ರಲ್ಲಿ ಬಂದ ‘ಅರ್ಮುಘಾನ್-ಎ-ಹಿಜಾಝ್’ ಸಂಕಲನದಲ್ಲಿ ಮುಸ್ಲಿಮರನ್ನು ಚುಚ್ಚುತ್ತಾರೆ. ಈ ಗ್ರಂಥದಿಂದ ನಿಮಗಿರೋ ಉಪಯೋಗ ಅಂದರೆ ಯಾಸೀನ್ ಕೇಳಿ ಸುಲಭವಾಗಿ ಸಾಯುವುದಷ್ಟೇ ಅನ್ನುವ ಧಾಟಿಯಲ್ಲಿ.

ಪಟ್ಟಿಯ ಪಕ್ಷ ಒಂದಾದರೆ, ಅದನ್ನು ವಿರೋಧಿಸುವ ಪಕ್ಷ ಇನ್ನೊಂದು. ಅವರ ಕೈಯಲ್ಲಿ ಗಟ್ಟಿ ವಾದವೇ ಇದೆ. ‘ಹೃದಯ’ ಅನ್ನುವ ಮಾತು ಬರುವ ಹದೀಸನ್ನು ಸಂಗ್ರಹಿಸಿದ ತಿರ್ಮಿಝಿಯವರೇ, ಅದನ್ನು ಹೇಳಿದವರ ಸರಪಳಿಯಲ್ಲಿ ಒಬ್ಬ ಯಾರೆಂದು ತಿಳಿಯದವನು ಇದ್ದಾನೆ ಅಂತ ಬರೆದಿಟ್ಟಿದ್ದಾರೆ. ಸತ್ತವರಿಗೆ ಯಾಸೀನ್ ಓದಿ ಅನ್ನುವ, ಅಬೂ ದಾವೂದ್ ಸಂಗ್ರಹದ ಹದೀಸನ್ನೂ ದಾರಕುತ್ನಿಯಂಥ ಪಂಡಿತರು ದುರ್ಬಲ ಅಂದಿದ್ದಾರೆ. ಅದರಲ್ಲಿ ಬರುವ ‘ಸತ್ತವರು’ ಅನ್ನುವ ಪದಕ್ಕೆ ಸಾಯುತ್ತಿರುವವರು ಅಂತ ಅರ್ಥ ಹೇಳಿದವರೂ ಇದ್ದಾರೆ. ಹಾಗಾಗಿ ಈ ಎರಡನೇ ಪಕ್ಷದವರು ಆಧಾರ ಸಾಲದು, ನಿಲ್ಲಿಸಿ ಅನ್ನುತ್ತಾರೆ.

ಎರಡೂ ಕಡೆಯವರ ವಾದ ಕೇಳಿದ ಮೇಲೆ ನನಗೆ ಅನ್ಸಿದ್ದು ಇಷ್ಟು. ಒಬ್ಬರು ಎಷ್ಟು ಸಲ ಓದಬೇಕು ಅಂತಾರೆ, ಇನ್ನೊಬ್ಬರು ಓದಲೇಬಾರದು ಅಂತಾರೆ. ಅಧ್ಯಾಯದ ಒಳಗೆ ಏನಿದೆ ಅನ್ನೋ ಮಾತು ಇಬ್ಬರ ಬಾಯಲ್ಲೂ ಬರಲ್ಲ. ಕೋಡ್ ತೆರೆದು ನೋಡದೇ ಲೈಸೆನ್ಸ್ ಬಗ್ಗೆ ಜಗಳ ಆಡಿದ ಹಾಗೆ.

ನಾನು ಆಲಿಮ್ ಅಲ್ಲ. ಹಾವೇರಿ ಕಡೆಯ ಹಳ್ಳಿಯವನು, ಬಿಇ ಮುಗಿಸಿ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. ಚಿಕ್ಕವನಿದ್ದಾಗ ಬೆಳಿಗ್ಗೆ ಆರಕ್ಕೆ ಮಸೀದಿಯಲ್ಲಿ ಹಜರತ್ ಮುಂದೆ ಕೂತು ಅರಬಿ ಅಕ್ಷರ, ಹತ್ತಕ್ಕೆ ಸರಕಾರಿ ಶಾಲೆಯಲ್ಲಿ ಕನ್ನಡ, ಮನೆಯಲ್ಲಿ ದಖ್ಖನಿ. ಹೀಗಾಗಿ ಅರಬಿ ಸರಾಗವಾಗಿ ಓದಬಲ್ಲೆ, ಕೇಳಿದ ಕೂಡಲೇ ಅರ್ಥವಾಗಲ್ಲ. ಕನ್ನಡ ಅರ್ಥವಾಗುತ್ತೆ, ಆದರೆ ಅದರಲ್ಲಿ ಪಠಣ ಇಲ್ಲ. ನನ್ನಂಥವರು ಲಕ್ಷಗಟ್ಟಲೆ ಇದ್ದಾರೆ. ಅನುವಾದ, ವ್ಯಾಖ್ಯಾನ, ನಿಘಂಟು ಪಕ್ಕದಲ್ಲಿಟ್ಟುಕೊಂಡು ಈ ಅಧ್ಯಾಯವನ್ನು ಒಂದು ಪಠ್ಯದ ಹಾಗೆ ಓದಿದ್ದೇನೆ. ಕೆಳಗಿನದ್ದು ಆ ಓದಿನ ಫಲ.

ಮೊದಲ ವಚನದಿಂದಲೇ ಶುರು ಮಾಡೋಣ. ಅದರಲ್ಲಿ ಇರೋದು ಎರಡೇ ಅಕ್ಷರ, ಯಾ ಮತ್ತು ಸೀನ್. ಕುರ್‌ಆನಿನ 29 ಅಧ್ಯಾಯಗಳು ಹೀಗೆ ಬಿಡಿ ಅಕ್ಷರಗಳಿಂದ ಶುರುವಾಗುತ್ತವೆ. ಇವಕ್ಕೆ ಅರ್ಥ ಏನು ಅನ್ನೋದು ದೇವರಿಗೇ ಗೊತ್ತು ಅಂತ ವ್ಯಾಖ್ಯಾನಕಾರರಲ್ಲಿ ದೊಡ್ಡ ಗುಂಪು ಕೈಮುಗಿದಿದೆ. ‘ಎಲೈ ಮನುಷ್ಯನೇ’ ಅಂತ ಅರ್ಥ ಹೇಳಿದವರೂ ಇದ್ದಾರೆ. ನನಗೆ ಇಷ್ಟವಾಗೋದು ಏನು ಗೊತ್ತಾ? ಈ ಒಂದು ವಚನದ ಮಟ್ಟಿಗೆ ಕೈರೋದ ಅಲ್-ಅಝ್‌ಹರ್‌ನ ಪ್ರೊಫೆಸರೂ ಓದು ಬಾರದ ನಮ್ಮ ದಾದಿಯೂ ಸಮಾನರು. ಇಬ್ಬರಿಗೂ ಸಿಗೋದು ಶಬ್ದ ಮಾತ್ರ. ಅರ್ಥ ಗೊತ್ತಿಲ್ಲದೆ ಓದೋದು ವ್ಯರ್ಥ ಅನ್ನುವವರಿಗೆ ಅಧ್ಯಾಯದ ಬಾಗಿಲಲ್ಲೇ ಒಂದು ಅಡ್ಡಗೋಲು.

ಆ ಶಬ್ದಕ್ಕೆ ಇನ್ನೊಂದು ಕೆಲಸವೂ ಇದೆ. ಈ ಅಧ್ಯಾಯದ ವಚನಗಳೆಲ್ಲ ‘ಈನ್’, ‘ಊನ್’ ಇಲ್ಲವೇ ‘ಈಮ್’ ನಾದದಲ್ಲಿ ಮುಗಿಯುತ್ತವೆ. ಸೀನ್ ಅನ್ನೋ ಅಕ್ಷರದ ಹೆಸರಿನಲ್ಲೇ ಆ ಪ್ರಾಸ ಇದೆ. ಅರ್ಥವಿಲ್ಲದ ಅಕ್ಷರ ಮುಂದಿನ 82 ವಚನಗಳಿಗೆ ಶ್ರುತಿ ಹಿಡಿದುಕೊಡುತ್ತೆ. ಪಠಣದ ನಿಯಮವಾದ ತಜ್ವೀದ್ ಪ್ರಕಾರ ವಚನದ ಕೊನೆಯಲ್ಲಿ ನಿಲ್ಲುವಾಗ ಆ ದೀರ್ಘ ಸ್ವರವನ್ನು ಎರಡು, ನಾಲ್ಕು ಅಥವಾ ಆರು ಮಾತ್ರೆಗಳಷ್ಟು ಎಳೆಯಬಹುದು. ಎಳೆದು, ಮೂಗಿನಲ್ಲಿ ಮುಗಿಸಿ, ಉಸಿರು ತಗೊಳ್ಳೋದು. ಮತ್ತೆ ಎಳೆದು, ಮುಗಿಸಿ, ಉಸಿರು. ಅರ್ಥ ಗೊತ್ತಿಲ್ಲದವನ ಎದೆಬಡಿತವನ್ನೂ ಇದು ನಿಧಾನ ಮಾಡುತ್ತದೆ. ಈಜಿಪ್ಟಿನ ಮಹಮೂದ್ ಖಲೀಲ್ ಅಲ್-ಹುಸರಿ 1961ರಲ್ಲಿ ಇಡೀ ಕುರ್‌ಆನನ್ನು ಸರಳ ಧಾಟಿಯಲ್ಲಿ ಧ್ವನಿಮುದ್ರಿಸಿದರು, ಇವತ್ತಿಗೂ ಉಚ್ಚಾರ ಕಲಿಯುವವರು ಕೇಳೋದು ಅದನ್ನೇ. ಹೆಡ್‌ಫೋನ್ ಹಾಕಿಕೊಂಡು ಅವರ ಯಾಸೀನ್ ಒಮ್ಮೆ ಕೇಳಿ. ನಾನು ಹೇಳ್ತಿರೋ ಉಸಿರಿನ ಜಾಗಗಳು ಗೊತ್ತಾಗುತ್ತವೆ.

ಆ ಜಾಗಗಳಲ್ಲಿ ಒಂದು ತುಂಬಾ ಮುಖ್ಯ. ಅದನ್ನು ಹೇಳೋಕೆ ಕಥೆಗೆ ಬರಬೇಕು.

13ನೇ ವಚನದಿಂದ ಒಂದು ಊರಿನ ಕಥೆ ಇದೆ. ಊರಿಗೆ ಹೆಸರಿಲ್ಲ. ಇಬ್ಬರು ದೂತರು ಬರುತ್ತಾರೆ, ಜನ ನಂಬಲ್ಲ, ಮೂರನೆಯವನನ್ನು ಕಳಿಸಲಾಗುತ್ತೆ. ನೀವೂ ನಮ್ಮ ಹಾಗೆ ಮನುಷ್ಯರೇ ಅಂತ ಜನ ತಳ್ಳಿಹಾಕುತ್ತಾರೆ. ನಿಮ್ಮ ಕಾಲ್ಗುಣ ಸರಿಯಿಲ್ಲ, ನಿಮ್ಮಿಂದ ಅಪಶಕುನ, ಸುಮ್ಮನಿರದಿದ್ದರೆ ಕಲ್ಲು ಹೊಡೀತೀವಿ ಅನ್ನುತ್ತಾರೆ. ನಿಮ್ಮ ಶಕುನ ನಿಮ್ಮ ಹತ್ತಿರವೇ ಇದೆ ಅಂತ ದೂತರು ಉತ್ತರ ಕೊಡುತ್ತಾರೆ. ಆಗ ಊರಿನ ಆ ಕೊನೆಯಿಂದ ಒಬ್ಬ ಓಡಿಕೊಂಡು ಬರುತ್ತಾನೆ. ಅವನಿಗೂ ಹೆಸರಿಲ್ಲ. ಊರು ಅಂತಾಕ್ಯ, ಅವನು ಹಬೀಬ್ ಎಂಬ ಬಡಗಿ ಅಂತ ಆಮೇಲಿನ ವ್ಯಾಖ್ಯಾನಕಾರರು ತುಂಬಿಸಿದರು. ಟರ್ಕಿಯ ಅಂತಾಕ್ಯದಲ್ಲಿ ಅವನ ಹೆಸರಿನ ಹಳೇ ಮಸೀದಿ ಇತ್ತು, 2023ರ ಭೂಕಂಪದಲ್ಲಿ ಕುಸಿಯಿತು. ಆದರೆ ಪಠ್ಯಕ್ಕೆ ಅವನ ಹೆಸರು ಬೇಕಿಲ್ಲ. ಊರಿನ ಅಂಚಿನಲ್ಲಿ ಇರುವವನು, ಓಡಿ ಬಂದ, ಅಷ್ಟೇ ಸಾಕು. ಹಳ್ಳಿಯಲ್ಲಿ ಬೆಳೆದವರಿಗೆ ಊರಿನ ಕೊನೆಯಲ್ಲಿ ಯಾರ ಮನೆಗಳಿರುತ್ತವೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಬಂದವನು ತನ್ನ ಜನರಿಗೆ ಹೇಳುತ್ತಾನೆ, ಇವರ ಮಾತು ಕೇಳಿ, ನಿಮ್ಮಿಂದ ಕೂಲಿ ಕೇಳದವರನ್ನು ಹಿಂಬಾಲಿಸಿ. 25ನೇ ವಚನದಲ್ಲಿ ತನ್ನ ನಂಬಿಕೆಯನ್ನು ಎಲ್ಲರೆದುರು ಸಾರುತ್ತಾನೆ. 26ನೇ ವಚನದಲ್ಲಿ ಅವನಿಗೆ ಸ್ವರ್ಗ ಪ್ರವೇಶಿಸಲು ಹೇಳಲಾಗುತ್ತದೆ.

ನಡುವೆ ಏನಾಯಿತು? ಜನ ಅವನನ್ನು ಕೊಂದರು. ಕಲ್ಲು ಹೊಡೆದರು ಅಂತ ಕೆಲವರು, ತುಳಿದು ಸಾಯಿಸಿದರು ಅಂತ ಕೆಲವರು. ಪಠ್ಯ ಅದನ್ನು ಹೇಳೋದೇ ಇಲ್ಲ. ಒಂದು ವಚನದಲ್ಲಿ ಮಾತಾಡುತ್ತಿದ್ದವನು ಮುಂದಿನ ವಚನದಲ್ಲಿ ಆ ಕಡೆ ಇದ್ದಾನೆ. ಓದುವವರು ಉಸಿರು ತಗೊಳ್ಳೋ ಆ ಒಂದು ಕ್ಷಣದೊಳಗೆ ಒಂದು ಸಾವು ಆಗಿಹೋಗಿದೆ. ಸಿನಿಮಾದವರು ಇದನ್ನು ಕಟ್ ಅನ್ನುತ್ತಾರೆ. ರಕ್ತ ಇಲ್ಲ, ಕಿರುಚಾಟ ಇಲ್ಲ. ಸಾವನ್ನು ಇಷ್ಟು ಚಿಕ್ಕದಾಗಿಸಿದ ಇನ್ನೊಂದು ಬರಹ ನಾನಂತೂ ಓದಿಲ್ಲ.

ಆ ಕಡೆ ಹೋದವನು ಏನಂತಾನೆ? ಕೊಂದವರಿಗೆ ಶಾಪ ಹಾಕಲ್ಲ. ಅಯ್ಯೋ, ದೇವರು ನನ್ನನ್ನು ಕ್ಷಮಿಸಿದ, ಗೌರವದಿಂದ ಕಂಡ ಅನ್ನೋದು ನನ್ನ ಜನಕ್ಕೆ ಗೊತ್ತಾಗಿದ್ದಿದ್ದರೆ ಅಂತ ಹಂಬಲಿಸುತ್ತಾನೆ. ಸತ್ತ ಮೇಲೂ ಅವನಿಗೆ ತನ್ನ ಊರಿನವರದೇ ಚಿಂತೆ. ಆದರೆ ಊರಿಗೆ ಆ ಮಾತು ತಲುಪಲ್ಲ. ಎರಡೇ ವಚನ ಆದ ಮೇಲೆ ಒಂದು ಆರ್ಭಟಕ್ಕೆ ಊರು ಬೆಂಕಿ ನಂದಿದ ಹಾಗೆ ನಂದಿಹೋಗುತ್ತದೆ. ಈ ಕ್ರೌರ್ಯ ನನಗೆ ಸುಲಭವಾಗಿ ಅರಗಲ್ಲ ಅಂತಲೂ ಹೇಳಿಬಿಡುತ್ತೇನೆ. ಅಧ್ಯಾಯದ ಶುರುವಿನಲ್ಲಿ, ಕೇಳಲಾರದವರ ಕೊರಳಿಗೆ ಗಲ್ಲದವರೆಗೆ ನೊಗ ಬಿಗಿದ ಚಿತ್ರವೂ ಹಾಗೇ. ಬಿಗಿದವನು ದೇವರಾದರೆ ಕೇಳದ್ದು ಅವರ ತಪ್ಪು ಹೇಗೆ ಅನ್ನೋ ಪ್ರಶ್ನೆಯನ್ನು ಪಂಡಿತರು ಶತಮಾನಗಟ್ಟಲೆ ಚರ್ಚಿಸಿದ್ದಾರೆ. ಆದರೂ ಒಂದು ಸಂಗತಿ ಉಳಿಯುತ್ತದೆ. ಸತ್ತವನ ಮಾತು ಊರಿಗೆ ಮುಟ್ಟಲಿಲ್ಲ, ಅದು ಮುಟ್ಟೋದು ಯಾಸೀನ್ ಕೇಳ್ತಿರೋ ಕಿವಿಗೆ ಮಾತ್ರ.

ಈಗ ಪಟ್ಟಿಗಳಿಗೆ ವಾಪಸ್ ಬನ್ನಿ. ಶಕುನ ನೋಡುವ ಜನರನ್ನು ಟೀಕಿಸುವ ಅಧ್ಯಾಯವನ್ನು ನಾವು ಶಕುನದ ಸಾಧನ ಮಾಡಿಕೊಂಡಿದ್ದೇವೆ. ಕೂಲಿ ಕೇಳದವರನ್ನು ಹಿಂಬಾಲಿಸಿ ಅನ್ನೋ ವಚನವನ್ನು ಕೂಲಿ ಕೊಟ್ಟು ಓದಿಸುತ್ತೇವೆ. ಇದರಲ್ಲಿ ಬಡ ಹಜರತ್‌ಗಳನ್ನು ಬೈಯೋದೇನಿಲ್ಲ, ಅವರಿಗೂ ಹೊಟ್ಟೆ ಇದೆ, ಮಕ್ಕಳಿಗೆ ಕಲಿಸೋದಕ್ಕೆ ಸಂಬಳ ಕೊಡಲೇಬೇಕು. ಸತ್ತವರಿಗಾಗಿ ದುಡ್ಡು ಕೊಟ್ಟು ಓದಿಸೋದನ್ನು ಮಾತ್ರ 19ನೇ ಶತಮಾನದ ಡಮಾಸ್ಕಸ್‌ನ ಇಬ್ನ್ ಆಬಿದೀನ್ ಖಂಡಿಸಿ ಒಂದು ಪುಸ್ತಕವನ್ನೇ ಬರೆದಿದ್ದರು. ನಮ್ಮ ಕಡೆಯ ಬಹುಪಾಲು ಜನ ಅನುಸರಿಸೋ ಹನಫಿ ಪಂಥದ ದೊಡ್ಡ ಹೆಸರು ಅವರದು. 47ನೇ ವಚನದಲ್ಲಿ ಇನ್ನೂ ಒಂದು ಇರಿತ ಇದೆ. ಬಡವರಿಗೆ ಊಟ ಹಾಕಿ ಅಂದರೆ, ದೇವರು ಬೇಕೆಂದಿದ್ದರೆ ಅವನೇ ಹಾಕ್ತಿದ್ದನಲ್ಲ ಅಂತ ಕೊಂಕು ನುಡಿಯುವವರು ಅದರಲ್ಲಿ ಬರುತ್ತಾರೆ. ಜಿಯಾರತ್ ಊಟಕ್ಕೆ ನೆಂಟರಿಷ್ಟರನ್ನೆಲ್ಲ ಕರೆದು ಬಡವರನ್ನು ಬಾಗಿಲ ಹೊರಗೆ ನಿಲ್ಲಿಸಿದ ಮನೆಯಲ್ಲೂ ಆ ವಚನ ಇಂಪಾಗಿ ಓದಿಕೊಂಡು ಹೋಗುತ್ತದೆ.

ಕಥೆ ಮುಗಿದ ಮೇಲೆ ಅಧ್ಯಾಯ ಹೊಲದ ಕಡೆ ತಿರುಗುತ್ತದೆ. ಸತ್ತ ನೆಲ ಜೀವ ಹಿಡಿಯೋದು, ಕಾಳು, ಖರ್ಜೂರ, ದ್ರಾಕ್ಷಿ, ಬುಗ್ಗೆ. ಆಮೇಲೆ ಆಕಾಶ. ರಾತ್ರಿಯಿಂದ ಹಗಲನ್ನು ತೆಗೆಯೋದಕ್ಕೆ ಅರಬಿಯಲ್ಲಿ ಬಳಸಿರೋದು ಪ್ರಾಣಿಯ ಚರ್ಮ ಸುಲಿಯೋ ಕ್ರಿಯಾಪದ. ಕನ್ನಡದಲ್ಲೂ ‘ಸುಲಿ’ ಅಂತ ಅದೇ ಕಸುವಿನ ಪದ ಇದೆ, ಮೆಕ್ಕೆಜೋಳದ ತೆನೆ ಸುಲಿದವರಿಗೆ ಆ ಶಬ್ದ ಕೇಳಿಸುತ್ತದೆ. ಕ್ಷೀಣಿಸಿದ ಚಂದ್ರನನ್ನು ಒಣಗಿ ಬಾಗಿದ ಹಳೇ ಖರ್ಜೂರದ ಗೊನೆಯ ದಂಟಿಗೆ ಹೋಲಿಸಿದೆ. ನಮ್ಮಲ್ಲಾದರೆ ಒಣಗಿ ಮರದಿಂದ ಬಿದ್ದ ತೆಂಗಿನ ಗೊನೆಯ ದಂಟು ನೆನಪಿಸಿಕೊಳ್ಳಿ, ಅದೇ ಬಣ್ಣ, ಅದೇ ಬಾಗು. ಸೂರ್ಯ ಚಂದ್ರರು ತಂತಮ್ಮ ಕಕ್ಷೆಯಲ್ಲಿ ತೇಲುವ 40ನೇ ವಚನದಲ್ಲಿ ಏಳು ಅಕ್ಷರಗಳ ಒಂದು ತುಣುಕಿದೆ. ಕಾಫ್, ಲಾಮ್, ಫಾ, ಯಾ, ಆಮೇಲೆ ಫಾ, ಲಾಮ್, ಕಾಫ್. ನಮ್ಮ ‘ವಿಕಟಕವಿ’ ಥರ ಹಿಂದಿನಿಂದ ಓದಿದರೂ ಅದೇ. ಸುತ್ತುವುದರ ಬಗ್ಗೆ ಹೇಳುವ ಮಾತು ತಾನೇ ಸುತ್ತುತ್ತಿದೆ.

ಈ ಎಲ್ಲ ಚಿತ್ರಗಳೂ ಒಂದೇ ಪ್ರಶ್ನೆಗೆ ಸೇರುತ್ತವೆ. ಪುಡಿಯಾದ ಮೂಳೆಗೆ ಯಾರು ಜೀವ ಕೊಡ್ತಾರೆ ಅಂತ 78ನೇ ವಚನದಲ್ಲಿ ಒಬ್ಬ ಸವಾಲು ಹಾಕುತ್ತಾನೆ. ಮೊದಲ ಸಲ ಕೊಟ್ಟವನೇ ಅನ್ನೋದು ಉತ್ತರ. ಮರಣಾನಂತರದ ಬದುಕನ್ನು ಒಪ್ಪೋದರ ಮೇಲೆ ಇಡೀ ನಂಬಿಕೆ ನಿಂತಿದೆ, ಅದನ್ನು ಈ ಅಧ್ಯಾಯ ಅತ್ಯುತ್ತಮವಾಗಿ ಮಂಡಿಸುತ್ತದೆ, ಅದಕ್ಕೇ ಇದು ‘ಹೃದಯ’ ಅನ್ನುವ ವಿವರಣೆಯನ್ನು 1111ರಲ್ಲಿ ತೀರಿಕೊಂಡ ಇಮಾಮ್ ಗಝಾಲಿಯವರದ್ದೆಂದು ಹೇಳುತ್ತಾರೆ. ಅದರಲ್ಲಿ 41ರ ಲೆಕ್ಕ ಇಲ್ಲ, ಪಠ್ಯವನ್ನು ಓದಿ ಕೊಟ್ಟ ಕಾರಣ ಇದೆ. ವಿಮರ್ಶೆ ಅಂದರೆ ಇದೇ ಅಲ್ವಾ.

ಇನ್ನು 70ನೇ ವಚನ. ಈ ಸಂದೇಶ ಬಂದಿರೋದು ಬದುಕಿರುವವರನ್ನು ಎಚ್ಚರಿಸೋದಕ್ಕೆ ಅಂತ ಅಲ್ಲಿ ನೇರವಾಗಿ ಹೇಳಿದೆ. ಬದುಕಿರುವವರನ್ನು ಅಂದರೆ ಮನಸ್ಸು ಬದುಕಿರುವವರನ್ನು ಅಂತ ವ್ಯಾಖ್ಯಾನಕಾರರು ಬಿಡಿಸಿ ಹೇಳುತ್ತಾರೆ. ಸತ್ತವರಿಗಾಗಿ ಲೋಕದಲ್ಲೇ ಅತಿ ಹೆಚ್ಚು ಓದುವ ಅಧ್ಯಾಯಗಳಲ್ಲಿ ಒಂದು, ತಾನು ಬದುಕಿದ್ದವರಿಗೆ ಅಂತ ಸಾರಿಕೊಂಡಿದೆ.

ಹಾಗಾದರೆ ಸಾಯುವವರ ಪಕ್ಕ ಓದೋದು ತಪ್ಪಾ? ಅಲ್ಲ ಅನ್ನೋದು ನನ್ನ ವಾದ. ಆ ಕೋಣೆಯಲ್ಲಿ ಮಲಗಿರೋರು ಒಬ್ಬರು, ಕೂತಿರೋರು ಹತ್ತು ಜನ.

ದಾದಿಯ ಕೊನೆಯ ರಾತ್ರಿ ನಾವು ಹಾಗೆ ಕೂತಿದ್ದೆವು. ಪಡಸಾಲೆಯಲ್ಲಿ ಹೊರಸು, ಒಂದು ಕಡೆ ಹಜರತ್, ಒಂದು ಕಡೆ ಚಾಚಾ, ನಡುನಡುವೆ ನಾನು. ಒಬ್ಬರ ಗಂಟಲು ಬತ್ತಿದರೆ ಇನ್ನೊಬ್ಬರು ಮುಂದುವರಿಸೋದು. ನನ್ನ ಸರದಿ ಇಲ್ಲದಾಗ ಮೊಬೈಲಿನಲ್ಲಿ ಅನುವಾದ ತೆಗೆದು, ಚಾಚಾ ಓದುತ್ತಿದ್ದ ವಚನವನ್ನು ಕಣ್ಣಲ್ಲಿ ಹಿಂಬಾಲಿಸಿದೆ. ದೀರ್ಘಾಯುಷ್ಯ ಕೊಟ್ಟವರನ್ನು ಸೃಷ್ಟಿಯಲ್ಲಿ ಹಿಂದಕ್ಕೆ ತಿರುಗಿಸುತ್ತೇವೆ ಅನ್ನೋ ಅರ್ಥದ 68ನೇ ವಚನ ಬಂದಾಗ, ಮಗುವಿನ ಹಾಗೆ ಮುದುಡಿದ್ದ ದಾದಿ ಎದುರಿಗೇ ಇದ್ದಳು. ಅದಕ್ಕಿಂತ ಸ್ವಲ್ಪ ಮೊದಲು, ಬಾಯಿಗೆ ಮುದ್ರೆ ಬೀಳುತ್ತದೆ, ಕೈಗಳು ಮಾತಾಡುತ್ತವೆ, ಕಾಲುಗಳು ಸಾಕ್ಷಿ ಹೇಳುತ್ತವೆ ಅನ್ನುವ ವಚನ. ದಾದಿಯ ಬಾಯಿ ನಿಂತು ಎರಡು ದಿನ ಆಗಿತ್ತು. ಕೈ ಮಾತ್ರ ಹೊದಿಕೆಯ ಮೇಲೆ ಇತ್ತು, ಹತ್ತಿ ಬಿಡಿಸಿ ಬಿಡಿಸಿ ಬೆರಳ ತುದಿ ಒಡೆದ ಕೈ. ಆ ಕೈ ಏನು ಸಾಕ್ಷಿ ಹೇಳುತ್ತೆ ಅನ್ನೋದರಲ್ಲಿ ನನಗೆ ಅನುಮಾನ ಇರಲಿಲ್ಲ. ನನ್ನ ಕೈ ಏನು ಹೇಳುತ್ತೆ ಅನ್ನೋ ಪ್ರಶ್ನೆ ಆ ಪಡಸಾಲೆಯಲ್ಲಿ ನನಗೆ ಹತ್ತಿಕೊಂಡಿತು. ಆ ವಚನ ಓದಿದ್ದು ದಾದಿಗಾಗಿ, ತಾಗಿದ್ದು ನನಗೆ.

ಯಾಸೀನ್ ಪಠಣದ ಆಧ್ಯಾತ್ಮಿಕ ಬೆಲೆ ನನ್ನ ಮಟ್ಟಿಗೆ ಇಲ್ಲಿದೆ. ದಾದಿಗೆ ಅರಬಿ ಬರುತ್ತಿರಲಿಲ್ಲ, ಕೇಳಿ ಕೇಳಿ ಬಾಯಿಪಾಠ ಆಗಿತ್ತು. ಬೇರೆಯವರ ಸಾವಿನ ಮನೆಗೆ ಹೋಗಿ ಬೆಳಗಿನ ತನಕ ಕೂತು ಓದುತ್ತಿದ್ದಳು, ಒಂದು ಲೋಟ ಚಹಾ ಬಿಟ್ಟು ಏನೂ ತಗೊಳ್ತಿರಲಿಲ್ಲ. ಕೂಲಿ ಕೇಳದವರು ಅನ್ನೋ ವಚನದ ಅರ್ಥ ಅವಳಿಗೆ ಗೊತ್ತಿರಲಿಲ್ಲ, ಅವಳು ಹಾಗೆ ಇದ್ದಳು. ಅರ್ಥ ತಿಳಿಯದೆ ಓದುವವರನ್ನು ಹಗುರವಾಗಿ ನೋಡುವ ನಮ್ಮ ಪೀಳಿಗೆಯ ಓದುಬಲ್ಲವರಿಗೆ ಇದನ್ನು ಹೇಳಲೇಬೇಕು. ಜೊತೆಗೆ ಕೂರುವುದು, ಉಸಿರಿಗೆ ಉಸಿರು ಕೊಡುವುದು ಕೂಡ ಪಠಣದ ಭಾಗ. ಅದನ್ನು ಆ್ಯಪ್ ಮಾಡಲ್ಲ.

ಆದರೆ ಅವಳಿಗೆ ಇಲ್ಲದ ಒಂದು ಅನುಕೂಲ ನಮಗಿದೆ. ಕನ್ನಡದಲ್ಲಿ ಒಂದಕ್ಕಿಂತ ಹೆಚ್ಚು ಅನುವಾದಗಳಿವೆ, ಜೇಬಿನಲ್ಲಿ ಫೋನ್ ಇದೆ. ಓದೋಕೆ ಬರೋ ನಾವೂ ಅರ್ಥವನ್ನು ಪಕ್ಕಕ್ಕಿಟ್ಟು 41ನ್ನು ಎಣಿಸುತ್ತಾ ಕೂತರೆ, ಊರ ಕೊನೆಯಿಂದ ಓಡಿ ಬಂದವನ ಮಾತು ಎರಡನೇ ಸಲ ಊರಿಗೆ ಮುಟ್ಟದೇ ಹೋಗುತ್ತದೆ.

ಹೋದ ಬಕ್ರೀದಿಗೆ ಊರಿಗೆ ಹೋದಾಗ ಅಮ್ಮಾ ಕೇಳಿದಳು, “ನನ್ನ ಹೊತ್ತು ಬಂದಾಗ ನೀನು ಯಾಸೀನ್ ಓದ್ತೀಯೋ, ಅರ್ಥ ಹೇಳ್ತಾ ಕೂರ್ತೀಯೋ?” ಎರಡೂ ಮಾಡ್ತೀನಿ ಅಂದೆ. “ಹಂಗಾದ್ರೆ ಈಗಲೇ ಹೇಳು, ಆವಾಗ ನಂಗೆ ಕೇಳಿಸ್ತದೋ ಇಲ್ವೋ,” ಅಂದಳು. ಆ ರಾತ್ರಿ ಅವಳು ಅರಬಿಯಲ್ಲಿ ಒಂದೊಂದು ವಚನ ಓದಿದಳು, ನಾನು ದಖ್ಖನಿಯಲ್ಲಿ ಹೇಳುತ್ತಾ ಹೋದೆ. ಕಾಲು ಗಂಟೆಯದ್ದು ಎರಡೂವರೆ ಗಂಟೆ ಹಿಡಿಯಿತು. 25ರಿಂದ 26ಕ್ಕೆ ಹೋಗುವಾಗ ನಡುವೆ ಅವನನ್ನು ಕೊಂದರು ಅಂತ ಹೇಳಿದೆ. “ಇಷ್ಟು ವರ್ಷ ಓದೀನಿ, ಇಲ್ಲಿ ಒಬ್ಬ ಸತ್ತಾನಂತ ಯಾರೂ ಹೇಳಿರ್ಲಿಲ್ಲ ನೋಡು,” ಅಂದು ಪುಸ್ತಕದಲ್ಲಿ ಬೆರಳಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ಆಮೇಲೆ ಮುಂದಿನ ವಚನ ಓದಿದಳು.